ಶಾಲೆ ಶುರುವಾಗುವ ಮುನ್ನ ವಾರಕ್ಕೊಮ್ಮೆ ಮಗುವಿನೊಂದಿಗೆ ಏನು ಮಾಡಬಹುದು?

ಜೂನ್‌ನಲ್ಲಿ ಮೊದಲ ಬಾರಿ ಶಾಲೆಗೆ ಹೊರಡುವ ನಾಲ್ಕು ವರ್ಷದ ಮಗುವಿಗೆ ನನ್ನ ಮೊದಲ ಸಲಹೆ ಮೆಂತ್ಯ. ಮೇ ತಿಂಗಳ ಮೊದಲ ಭಾನುವಾರ ಒಂದು ಹಿಡಿ ಕಾಳನ್ನು ರಾತ್ರಿಯಿಡೀ ನೆನೆಸಿಟ್ಟು, ಮರುದಿನ ಅಗಲವಾದ ಕುಂಡದಲ್ಲಿ ಮಗುವಿನ ಕೈಯಿಂದಲೇ ಚೆಲ್ಲಿಸಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ನಾಲ್ಕೈದು ದಿನಗಳಲ್ಲಿ ಮೊಳಕೆ ಮಣ್ಣನ್ನು ಎತ್ತಿಕೊಂಡು ಮೇಲೇಳುತ್ತದೆ. ಆ ಬೆಳಿಗ್ಗೆ ಮಗುವಿನ ಮುಖವನ್ನು ನೋಡಲು ಮರೆಯಬೇಡಿ! ಪ್ರತಿ ಭಾನುವಾರ ಗಿಡದ ಪಕ್ಕ ಒಂದು ಕಡ್ಡಿ ನಿಲ್ಲಿಸಿ ಎತ್ತರಕ್ಕೆ ಗುರುತು ಹಾಕಲಿ. ತಿಂಗಳ ಕೊನೆಗೆ ಸೊಪ್ಪು ಕೊಯ್ದು ಚಪಾತಿ ಹಿಟ್ಟಿಗೆ ಕಲಸಿ. ತಾನೇ ಬೆಳೆದದ್ದೆಂಬ ಹೆಮ್ಮೆಗೆ ಕಹಿಯೂ ರುಚಿಸೀತು.

ಮಧ್ಯಾಹ್ನದ ಬಿಸಿಲಿಗೆ ಚೌಕಾಬಾರ ಒಳ್ಳೆಯದು. ನಾಲ್ಕು ಕವಡೆಗಳಲ್ಲಿ ಎಷ್ಟು ಬಾಯಿ ಮೇಲಾಗಿವೆ ಎಂದು ಎಣಿಸುತ್ತಲೇ ಲೆಕ್ಕ ಬರುತ್ತದೆ, ತನ್ನ ಸರದಿಗೆ ಕಾಯುವ ತಾಳ್ಮೆಯೂ ಬರುತ್ತದೆ. ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಕವಡೆಗಳು ಅದರ ಬಾಯಿಗೆ ಹೋಗದಂತೆ ಎಚ್ಚರ.

ಬೆಂಗಳೂರಿನವರಾದರೆ ಒಂದು ಬೆಳಿಗ್ಗೆ ಲಾಲ್‌ಬಾಗಿನ ಬಂಡೆಯನ್ನು ಹತ್ತಿಸಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಸಂಖ್ಯೆ ಮಗುವಿಗೆ ಅರ್ಥವಾಗಬೇಕಿಲ್ಲ, ‘ಅಜ್ಜನಿಗಿಂತಲೂ ಹಳೆಯದು’ ಎಂದರೆ ಸಾಕು.