ಪ್ಲಾಸ್ಟಿಕ್ ಕವರಿನಲ್ಲಿ ಐದು ಟ್ಯೂಬು

ತಾಲೂಕು ಆಸ್ಪತ್ರೆಯೊಂದರ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ನಾನು ಆಪ್ತಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ಬರುವವರ ಜೊತೆ ಪರೀಕ್ಷೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕೂತು ಮಾತಾಡುವುದು ನನ್ನ ಕೆಲಸ. ನಮ್ಮ ಕೋಣೆ ಮುಂದಿನ ಬೆಂಚು ಯಾವಾಗಲೂ ಖಾಲಿ. ನಮ್ಮಲ್ಲಿಗೆ ಬರುವವರು ಎದುರಿಗಿರುವ ಎಕ್ಸ್‌ರೇ ಕೋಣೆ ಮುಂದೆ ಕೂತಿರುತ್ತಾರೆ. ಯಾರೂ ನೋಡುತ್ತಿಲ್ಲ ಅನ್ನಿಸಿದಾಗ ಪಟ್ಟನೆ ಒಳಗೆ ಬರುತ್ತಾರೆ. ಎಕ್ಸ್‌ರೇ ಟೆಕ್ನೀಷಿಯನ್‌ಗೂ ಇದು ಅಭ್ಯಾಸವಾಗಿದೆ, ಚೀಟಿ ಇಲ್ಲದೆ ಕೂತವರನ್ನು ಅವನು ಮಾತಾಡಿಸುವುದಿಲ್ಲ.

ಮಂಜು ಹಾಗೇ ಒಂದೂವರೆ ಗಂಟೆ ಕೂತಿದ್ದ. ಮಂಜು ಅವನ ನಿಜವಾದ ಹೆಸರಲ್ಲ. ಊರು, ಕೆಲಸದ ವಿವರ ಕೂಡ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ವಯಸ್ಸು 24, ಐಟಿಐ ಮುಗಿಸಿ ಬೆಂಗಳೂರಿನಲ್ಲಿ ಫ್ಯಾಕ್ಟರಿ ಕೆಲಸ, ಒಂದೇ ರೂಮಿನಲ್ಲಿ ನಾಲ್ಕು ಜನ. ಪರಿಚಯದವರು ಸಿಗಬಾರದು ಅಂತ ಬೆಂಗಳೂರನ್ನೂ ಸ್ವಂತ ಊರನ್ನೂ ಬಿಟ್ಟು ಎರಡು ತಾಲೂಕು ದಾಟಿ ನಮ್ಮ ಆಸ್ಪತ್ರೆಗೆ ಬಂದಿದ್ದ.

ಕೂತವನೇ ಗೋಡೆಯ ಕ್ಯಾಲೆಂಡರ್ ನೋಡುತ್ತಾ, "ಮೇಡಂ, ನಂಗೆ ಎಚ್‌ಐವಿ ಬಂದಿದೆ" ಅಂದ.

"ಎಲ್ಲಿ ಟೆಸ್ಟ್ ಮಾಡಿಸಿದ್ರಿ?"

"ಮಾಡಿಸಿಲ್ಲ."

ಹಿಂದಿನ ವರ್ಷದ ಮಳೆಗಾಲದಲ್ಲಿ ತೊಡೆ ಸಂದಿಯಲ್ಲಿ ತುರಿಕೆ ಶುರುವಾಗಿತ್ತು. ಒಂದು ಆಸ್ಪತ್ರೆಗೆ ಹೋದ. ಬಾಗಿಲು ತೆರೆದೇ ಇತ್ತು, ಹಿಂದೆ ಹನ್ನೆರಡು ಜನರ ಸಾಲು. ಡಾಕ್ಟರು ತಲೆ ಎತ್ತದೆ, "ಎಲ್ಲಿ ತುರಿಕೆ? ಮದುವೆ ಆಗಿದ್ಯಾ? ಹೊರಗಡೆ ಎಲ್ಲಾದ್ರೂ ಹೋಗಿದ್ಯಾ?" ಅಂತ ಜೋರಾಗಿ ಕೇಳಿದರು. ಸಾಲಿನಲ್ಲಿ ಯಾರೋ ನಕ್ಕರು. ಮಂಜು ಚೀಟಿ ಕೂಡ ತಗೊಳ್ಳದೆ ಎದ್ದು ಬಂದ. ಅವತ್ತೇ ರಾತ್ರಿ ಫೋನಿನಲ್ಲಿ ಸುಳ್ಳು ಹೆಸರಿಟ್ಟುಕೊಂಡು, ಮುಖ ಮೂತಿ ಗೊತ್ತಿಲ್ಲದವರ ಗುಂಪೊಂದರಲ್ಲಿ ಪ್ರಶ್ನೆ ಹಾಕಿದ.

ಆ ಪ್ರಶ್ನೆಯನ್ನು ನನಗೆ ತೋರಿಸಿದ. "ಫ್ರೆಂಡ್‌ಗೆ ತೊಡೆ ಸಂದಿಲಿ ತುರಿಕೆ, ಕೆಂಪಾಗಿದೆ, ಏನು ಹಚ್ಚಬೇಕು?" ಅಷ್ಟೇ. ಹೆಸರೇ ಇಲ್ಲದ ಜಾಗದಲ್ಲೂ ಪಾಪ ಹುಡುಗ 'ಫ್ರೆಂಡ್‌ಗೆ' ಅಂತ ಬರೆದಿದ್ದ. ಅದಕ್ಕೆ ನಲವತ್ತರ ಹತ್ತಿರ ಉತ್ತರ ಬಂದಿದ್ದವು. ನಾನು ಕೂತು ಎಲ್ಲವನ್ನೂ ಓದಿದೆ. ಬೆಳ್ಳುಳ್ಳಿ ಅರೆದು ಹಚ್ಚು, ಸೀಗೇಕಾಯಿ ನೀರು, ಈ ಟ್ಯೂಬು ಸೂಪರ್, ಮೂರೇ ದಿನ. ಒಬ್ಬ, "ಚರ್ಮದ ಡಾಕ್ಟರ್‌ಗೆ ತೋರಿಸಲಿ, ಸ್ಟೀರಾಯ್ಡ್ ಇರೋದು ಹಚ್ಚಬಾರದು" ಅಂತ ಸರಿಯಾಗಿಯೇ ಬರೆದಿದ್ದ. ಅದರ ಕೆಳಗೆ ಒಂದು ಲೈಕೂ ಇರಲಿಲ್ಲ. ಟ್ಯೂಬಿನ ಉತ್ತರಕ್ಕೆ ರಾಶಿ ಹಾರ್ಟು. ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ಅಷ್ಟೂ ಉತ್ತರಗಳಲ್ಲಿ ಒಂದೇ ಒಂದು ಪ್ರಶ್ನೆ ಇರಲಿಲ್ಲ. ಎಷ್ಟು ದಿನ ಆಯ್ತು, ರೂಮಿನಲ್ಲಿ ಬೇರೆ ಯಾರಿಗಾದರೂ ಇದೆಯಾ, ಟವೆಲ್ ಯಾರದ್ದು, ಶುಗರ್ ಇದೆಯಾ, ಇಲ್ಲಿವರೆಗೆ ಏನು ಹಚ್ಚಿದ್ದೀಯ? ಯಾರೂ ಕೇಳಿರಲಿಲ್ಲ.

ಟ್ಯೂಬು ತಂದ. ಅವರು ಹೇಳಿದ ಹಾಗೇ ಮೂರು ದಿನಕ್ಕೆ ತುರಿಕೆ ನಿಂತಿತು. ಬಿಟ್ಟ, ವಾರಕ್ಕೆ ವಾಪಸ್ ಬಂತು, ಈ ಸಲ ಜಾಸ್ತಿ. ಮತ್ತೆ ಹಚ್ಚಿದ. ಹೀಗೇ ತಿಂಗಳುಗಟ್ಟಲೆ. ಕಲೆ ತೊಡೆಯಿಂದ ಸೊಂಟಕ್ಕೆ, ಸೊಂಟದಿಂದ ಹಿಂಭಾಗಕ್ಕೆ ಹಬ್ಬಿತು. "ಏನು ಹಚ್ಚಿದ್ರೂ ಹೋಗ್ತಿಲ್ಲ" ಅಂತ ಅದೇ ಗುಂಪಿನಲ್ಲಿ ಮತ್ತೆ ಬರೆದ. ಆಗ ಒಬ್ಬ ಹಾಕಿದ ಉತ್ತರ: "ಬ್ರೋ, ಚರ್ಮದ ಕಾಯಿಲೆ ವಾಸಿ ಆಗ್ದೇ ಇದ್ರೆ ಅದು ಎಚ್‌ಐವಿ ಲಕ್ಷಣ."

ಅದಕ್ಕೆ ಐದು ತಿಂಗಳ ಹಿಂದೆ ಮಂಜು ಒಂದು ಸಲ ಕಾಂಡೋಮ್ ಇಲ್ಲದೆ ಒಬ್ಬರ ಜೊತೆ ಸೇರಿದ್ದ. ಆ ಒಂದು ಸಾಲು ಓದಿದ್ದೇ ತಡ, ಎರಡೂ ತಳುಕು ಹಾಕಿಕೊಂಡವು. ಲಕ್ಷಣಗಳ ಪಟ್ಟಿ ಹುಡುಕಿದ. ತೂಕ ಇಳಿಯುವುದು ಅಂತಿತ್ತು, ಊಟ ಸೇರದೆ ತೂಕ ಇಳಿಯಿತು. ರಾತ್ರಿ ಬೆವರು ಅಂತಿತ್ತು, ಶೀಟಿನ ರೂಮಿನಲ್ಲಿ ನಾಲ್ಕು ಜನ ಮಲಗಿದರೆ ಬೆವರದೆ ಇರುತ್ತದಾ? ತಂಗಿ ಮದುವೆಗೆ ಕಟ್ಟುತ್ತಿದ್ದ ಚೀಟಿ ನಿಲ್ಲಿಸಿದ. ಇನ್ನೂ ಎರಡು ತಿಂಗಳು ಹೀಗೇ ಒದ್ದಾಡಿ ನನ್ನ ಹತ್ತಿರ ಬಂದ.

ಮೊದಲು ಪರೀಕ್ಷೆ. ಒಪ್ಪಿಗೆ ಇಲ್ಲದೆ ಮಾಡುವುದಿಲ್ಲ, ಫಲಿತಾಂಶವನ್ನು ಮನೆಯವರಿಗಾಗಲಿ ಕಂಪನಿಗಾಗಲಿ ಹೇಳುವುದಿಲ್ಲ ಅಂದೆ. ಇದು ನಮ್ಮ ದೊಡ್ಡತನ ಏನಲ್ಲ, 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುವುದೇ ಹಾಗೆ. ಅದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ದುಡ್ಡು ಕೊಡುವ ಹಾಗಿಲ್ಲ. ರಕ್ತ ಕೊಟ್ಟು ಅರ್ಧ ಗಂಟೆ ಕಾಯಬೇಕು. ಮೊದಲ ಕಿಟ್ ಪಾಸಿಟಿವ್ ತೋರಿಸಿದರೂ ನಾವು ತಕ್ಷಣ ಹೇಳಿಬಿಡುವುದಿಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿಯೇ ಹೇಳುವುದು.

ಮಂಜುವಿನದು ನೆಗೆಟಿವ್. ಸಿಫಿಲಿಸ್ ಕೂಡ ಇಲ್ಲ. ಸೇರಿ ಏಳು ತಿಂಗಳು ಆಗಿದ್ದರಿಂದ 'ಇನ್ನೂ ತೋರಿಸದೆ ಇರಬಹುದು' ಅನ್ನುವ ಅನುಮಾನಕ್ಕೂ ಜಾಗ ಇರಲಿಲ್ಲ. ಆ ಅವಧಿ ಹೆಚ್ಚೆಂದರೆ ಮೂರು ತಿಂಗಳು. ಇನ್ನೊಂದು ಮಾತನ್ನೂ ಹೇಳಿದೆ, ಬೇರೆಯವರಿಗೂ ಉಪಯೋಗಕ್ಕೆ ಬರುತ್ತದೆ. ಕಾಂಡೋಮ್ ಇಲ್ಲದೆ ಸೇರಿದ ತಕ್ಷಣ, 72 ಗಂಟೆ ಒಳಗೆ ಆಸ್ಪತ್ರೆಗೆ ಬಂದರೆ ಸೋಂಕು ತಡೆಯಲು 28 ದಿನದ ಮಾತ್ರೆ ಇದೆ. ಆ 72 ಗಂಟೆಯನ್ನು ಗೊತ್ತಿಲ್ಲದವರ ಉತ್ತರ ಓದುತ್ತಾ ಕಳೆಯಬಾರದು. ಬರಲು ಅಂಜಿಕೆಯಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ನೆಗೆಟಿವ್ ಅಂದ ಮೇಲೆ ಮುಗಿಯಿತು ಅಂದುಕೊಂಡೆ. ಇಲ್ಲಿ ತಪ್ಪಿದ್ದು ನಾನು. ಎರಡನೇ ದಿನಕ್ಕೆ ಫೋನ್: "ಮೇಡಂ, ಕಿಟ್ ತಪ್ಪು ತೋರಿಸಬಹುದು ಅಂತ ಬರೆದಿದ್ದಾರೆ." ಮತ್ತೆ ವಿವರಿಸಿದೆ. ಒಂದು ದಿನ ಸಮಾಧಾನ. ಮತ್ತೆ ಫೋನ್. ಮೂರನೇ ಸಲ ಹೊಳೆಯಿತು, ನಾನೂ ಆ ಟ್ಯೂಬಿನ ಕೆಲಸವನ್ನೇ ಮಾಡುತ್ತಿದ್ದೆ. ಕೇಳಿದಾಗಲೆಲ್ಲ ಧೈರ್ಯ ಹೇಳಿದರೆ ಆ ಹೊತ್ತಿಗೆ ನೆಮ್ಮದಿ ಸಿಗುತ್ತದೆ, ಒಳಗೆ ಭಯ ಬೆಳೆಯುತ್ತದೆ.

ಎರಡನೇ ಭೇಟಿಗೆ ಬರುವಾಗ ಇಲ್ಲಿವರೆಗೆ ಹಚ್ಚಿದ್ದನ್ನೆಲ್ಲ ತರಲು ಹೇಳಿದ್ದೆ. ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿ ಐದು ಟ್ಯೂಬು ತಂದ. ನಾಲ್ಕು ಪೂರ್ತಿ ಖಾಲಿ, ಪೇಸ್ಟ್ ಟ್ಯೂಬಿನ ಹಾಗೆ ಬುಡದಿಂದ ಸುತ್ತಿ ಹಿಂಡಿದ್ದ. ಐದನೆಯದು ಅರ್ಧ. ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವ ಹಕ್ಕೂ ನನಗಿಲ್ಲ. ಆದರೆ ಓದಲು ಬರುತ್ತದಲ್ಲ. ಮುಂದುಗಡೆ ದಪ್ಪ ಅಕ್ಷರದಲ್ಲಿ ಬ್ರ್ಯಾಂಡಿನ ಹೆಸರು. ಹಿಂದುಗಡೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಮೂರು ಔಷಧಿ: ಒಂದು ಬೂಷ್ಟಿಗೆ, ಒಂದು ಬ್ಯಾಕ್ಟೀರಿಯಾಕ್ಕೆ, ಮೂರನೆಯದು ಕ್ಲೊಬೆಟಸಾಲ್. ಫೋನಿನ ಕ್ಯಾಮೆರಾದಲ್ಲಿ ಅದನ್ನು ದೊಡ್ಡದು ಮಾಡಿ ಅವನಿಗೇ ಓದಿಸಿದೆ. ಜೊತೆಗೆ ಕೆಂಪು ಗೆರೆ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅನ್ನುವ ಎಚ್ಚರಿಕೆ. ಐದರಲ್ಲಿ ಒಂದಕ್ಕೂ ಅಂಗಡಿಯವರು ಚೀಟಿ ಕೇಳಿರಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳ ಬಗ್ಗೆ ನಿಯಮ ಬಿಗಿ ಮಾಡಿತು. ನಿಯಮ ಬಿಗಿಯಾಯಿತು, ಕೌಂಟರ್ ಹಾಗೇ ಇದೆ.

ಅವನನ್ನು ಚರ್ಮದ ಓಪಿಡಿಗೆ ನಾನೇ ಕರೆದುಕೊಂಡು ಹೋದೆ. ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ, ಬಾಗಿಲು ಹಾಕಿಕೊಂಡು ನೋಡಿ ಅಂತ ಕೇಳಿಕೊಂಡಿದ್ದೆ. ಮುಟ್ಟುವ ಮುಂಚೆ ಅವರು ಹತ್ತು ಹನ್ನೆರಡು ಪ್ರಶ್ನೆ ಕೇಳಿದರು. ಆಮೇಲೆ ಹೇಳಿದ್ದು: ಇದು ಗಜಕರ್ಣ. ಕ್ಲೊಬೆಟಸಾಲ್ ತುಂಬಾ ಬಲವಾದ ಸ್ಟೀರಾಯ್ಡ್. ತುರಿಕೆ, ಕೆಂಪು ಎರಡೂ ಬೂಷ್ಟಿನ ಮೇಲೆ ದೇಹ ಮಾಡುವ ಜಗಳದ ಗುರುತು. ಸ್ಟೀರಾಯ್ಡ್ ಆ ಜಗಳ ನಿಲ್ಲಿಸುತ್ತದೆ, ಬೂಷ್ಟಿಗೆ ರಾಜಮಾರ್ಗ. ತೊಡೆ ಸಂದಿಯ ಚರ್ಮ ಮೊದಲೇ ತೆಳು, ಔಷಧಿ ಬೇಗ ಹೀರುತ್ತದೆ. ಅದಕ್ಕೇ ಅಲ್ಲಿ ಚರ್ಮ ಸೀಳಿದ ಹಾಗೆ ಉದ್ದುದ್ದ ಗೆರೆ ಬಿದ್ದಿವೆ. ಬಣ್ಣ ಕಮ್ಮಿಯಾಗಬಹುದು, ಗೆರೆ ಮಾತ್ರ ಹೋಗುವುದಿಲ್ಲ.

ಕೊನೆಯ ಮಾತಿಗೆ ಮಂಜು ಏನೂ ಅನ್ನಲಿಲ್ಲ. ಕವರಿನ ಬಾಯಿ ಗಂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

ಚಿಕಿತ್ಸೆ ವಾರಗಟ್ಟಲೆ. ಲಿವರ್ ಪರೀಕ್ಷೆ ಮಾಡಿಸಿ ನುಂಗುವ ಮಾತ್ರೆ ಕೊಟ್ಟರು. ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ದಿನಗಳಲ್ಲಿ ಉರಿ ಜಾಸ್ತಿಯಾಗುತ್ತದೆ, ಹೆದರಿ ಟ್ಯೂಬ್ ಹಿಡಿಯಬೇಡ ಅಂದರು. ಕಲೆ ಮಾಯವಾದರೂ ಹೇಳಿದಷ್ಟು ದಿನ ಮಾತ್ರೆ ನುಂಗಬೇಕು. ಈಗ ನಮ್ಮ ದೇಶದಲ್ಲಿ ಹಳೆ ಮಾತ್ರೆಗಳಿಗೆ ಬಗ್ಗದ ಗಜಕರ್ಣ ಹಬ್ಬಿದೆಯಂತೆ. ಟವೆಲ್ ಬೇರೆ, ಒಳಬಟ್ಟೆ ರೂಮಿನೊಳಗಲ್ಲ, ಬಿಸಿಲಿನಲ್ಲಿ. ಬಿಗಿ ಜೀನ್ಸ್ ಬೇಡ.

ಉಳಿದದ್ದು ನನ್ನ ಪಾಲು. ಗುಂಪು ಬಿಟ್ಟುಬಿಡು ಅಂತ ನಾನು ಹೇಳಲಿಲ್ಲ. ಹೇಳಿದರೂ ಬಿಡುತ್ತಿರಲಿಲ್ಲ. ಅದಲ್ಲದೆ, ಹೆಸರು ಹೇಳದೆ ಕೇಳಬೇಕು ಅನ್ನಿಸುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಆ ಸಾಲಿನಲ್ಲಿ ನಕ್ಕವನನ್ನು ನೆನೆಸಿಕೊಂಡರೆ ನಾನಾದರೂ ಹಾಗೇ ಮಾಡುತ್ತಿದ್ದೆನೇನೋ. ನಾನು ಹೇಳಿದ್ದು ಇಷ್ಟು. ಗೊತ್ತಿಲ್ಲದವರ ಹತ್ತಿರ ಅನುಭವ ಕೇಳು, ಔಷಧಿ ಕೇಳಬೇಡ. ಯಾವ ಆಸ್ಪತ್ರೆಯಲ್ಲಿ ಬಾಗಿಲು ಹಾಕಿ ನೋಡುತ್ತಾರೆ, ಟೆಸ್ಟಿಗೆ ಹೋದಾಗ ಏನೇನು ಕೇಳುತ್ತಾರೆ, ಇಂಥದ್ದಕ್ಕೆ ಅಲ್ಲಿ ಒಳ್ಳೆ ಉತ್ತರ ಸಿಗುತ್ತದೆ. 'ಏನು ಹಚ್ಚಲಿ' ಅನ್ನುವುದಕ್ಕೆ ನೋಡದೆ, ತಿರುಗಿ ಏನೂ ಕೇಳದೆ ಯಾರಾದರೂ ಉತ್ತರ ಕೊಟ್ಟರೆ, ಅವರು ಡಾಕ್ಟರೇ ಆದರೂ ನಂಬಬೇಡ. ಲೈಕ್ ಎಣಿಸಬೇಡ.

ರಾತ್ರಿ ಒಂಬತ್ತಾದ ಮೇಲೆ ಲಕ್ಷಣ ಹುಡುಕುವ ಹಾಗಿಲ್ಲ ಅಂತ ಒಪ್ಪಂದ ಮಾಡಿಕೊಂಡೆವು. ಭಯ ಬಂದರೆ ನೋಟ್‌ಬುಕ್ಕಿನಲ್ಲಿ ಪ್ರಶ್ನೆಯಾಗಿ ಬರೆಯುವುದು, ಗುರುವಾರ ಮಾತ್ರ ಫೋನ್. ತಡೆಯಲಾಗದಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಿನಲ್ಲಾದರೂ. ಮೊದಲ ಗುರುವಾರ 31 ಪ್ರಶ್ನೆ ಓದಿದ. ನಾನು ಉತ್ತರ ಹೇಳದೆ, "ಇದಕ್ಕೆ ಉತ್ತರ ಈಗಾಗಲೇ ಗೊತ್ತಿದ್ಯಾ?" ಅಂತ ಒಂದೊಂದಕ್ಕೂ ಕೇಳಿದೆ. 26ಕ್ಕೆ "ಗೊತ್ತು" ಅಂದ. ನಾಲ್ಕನೇ ಗುರುವಾರಕ್ಕೆ ನಾಲ್ಕೇ ಪ್ರಶ್ನೆ, ಅದರಲ್ಲಿ ಒಂದು ಪಿಎಫ್ ಬಗ್ಗೆ.

ಒಂದು ವಿಷಯ ಬಿಟ್ಟಿದ್ದೇನೆ, ಅವನೂ ಕೊನೆಗೇ ಹೇಳಿದ್ದು. ಮೂರನೇ ಭೇಟಿ ಮುಗಿಸಿ ಎದ್ದು, ಬಾಗಿಲ ಚಿಲಕಕ್ಕೆ ಕೈ ಹಾಕಿದವನು ಹಾಗೇ ನಿಂತ. ಹೇಳಲೇಬೇಕಾದ ಮಾತುಗಳು ನಮ್ಮಲ್ಲಿ ಬರುವುದು ಆ ಬಾಗಿಲ ಹತ್ತಿರವೇ. "ಒಬ್ರು ಫೋಟೋ ಕೇಳಿದ್ರು ಮೇಡಂ. ಡಾಕ್ಟರ್ ಅಂದ್ರು. ಕಳಿಸ್ದೆ." 2,800 ರೂಪಾಯಿ ತಗೊಂಡು ಯಾವುದೋ ಪುಡಿ ಕಳಿಸಿದ್ದಾರೆ. ಈಗ ಇನ್ನೂ 5,000 ಕೊಡು, ಇಲ್ಲಾಂದ್ರೆ ಫೋಟೋ ಎಲ್ಲರಿಗೂ ಕಳಿಸ್ತೀನಿ ಅನ್ನುತ್ತಿದ್ದಾರೆ. ಇಷ್ಟು ದಿನ ಅವನ ನಿದ್ದೆ ಕೆಡಿಸಿದ್ದು ಬರೀ ಎಚ್‌ಐವಿ ಅಲ್ಲ ಅಂತ ನನಗೆ ಆಗ ಗೊತ್ತಾಯಿತು.

ಮತ್ತೆ ಕೂರಿಸಿದೆ. ಇನ್ನು ಒಂದು ರೂಪಾಯಿ ಕೊಡಬೇಡ, ಮೆಸೇಜ್ ಅಳಿಸಬೇಡ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡು, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡು ಅಂದೆ. ನಿಜವಾದ ಡಾಕ್ಟರನ್ನು ಗುರುತಿಸುವುದನ್ನೂ ಹೇಳಿದೆ. ಫೋನ್, ವಿಡಿಯೋದಲ್ಲಿ ನೋಡುವುದಕ್ಕೆ 2020ರಿಂದ ಕೇಂದ್ರದ ಮಾರ್ಗಸೂಚಿ ಇದೆ. ಅದರ ಪ್ರಕಾರ ಡಾಕ್ಟರ್ ಯಾರು ಅಂತ ರೋಗಿಗೆ, ರೋಗಿ ಯಾರು ಅಂತ ಡಾಕ್ಟರಿಗೆ ಗೊತ್ತಿರಲೇಬೇಕು. ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ಸರ್ಕಾರದ ಇ-ಸಂಜೀವಿನಿಯಲ್ಲಿ ಹೀಗೆ ಉಚಿತವಾಗಿ ಡಾಕ್ಟರ್ ಸಿಗುತ್ತಾರೆ. ನೋಂದಣಿ ನಂಬರ್ ಕೇಳಿದರೆ ಜಾರಿಕೊಳ್ಳುವವನು ಡಾಕ್ಟರ್ ಅಲ್ಲ.

ದೂರು ಕೊಡಲು ಮಂಜು ಒಪ್ಪಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ನನಗೆ ಅದು ಇಷ್ಟವಾಗಲಿಲ್ಲ, ಆದರೆ ಅದು ಅವನ ತೀರ್ಮಾನ. ಬ್ಲಾಕ್ ಮಾಡಿದ, ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದಾನೆ. ಆಮೇಲೆ ಆ ಕಡೆಯಿಂದ ಸುದ್ದಿಯಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಮಂಗಳವಾರ ಫೋನ್ ಮಾಡಿದ. ಗುರುವಾರ ಅಲ್ಲವಲ್ಲ ಅಂತ ನನಗೆ ಗಾಬರಿ. ಕಲೆ ಹೋಗಿದೆ, ಗೆರೆ ಹಾಗೇ ಇದೆ, ಊರ ಬಾವಿಯಲ್ಲಿ ಈಜುವಾಗ ಮೊಣಕಾಲಿನವರೆಗೆ ಚಡ್ಡಿ ಹಾಕುತ್ತೇನೆ ಅಂದ. ಚೀಟಿ ಮತ್ತೆ ಕಟ್ಟುತ್ತಿದ್ದಾನಂತೆ.

"ಮೇಡಂ, ರೂಮಲ್ಲಿ ಇನ್ನೊಬ್ಬನಿಗೂ ಶುರುವಾಗಿದೆ. ಟ್ಯೂಬ್ ತಂದಿದ್ದ, ಹಿಂದ್ಗಡೆ ಓದ್ಸಿ ಕಸಕ್ಕೆ ಹಾಕಿಸ್ದೆ. ಕರ್ಕೊಂಡು ಬರ್ಲಾ? ಅವ್ನು ತುಂಬಾ ನಾಚ್ಕೋತಾನೆ."

ಚರ್ಮದ ಓಪಿಡಿ ಬುಧವಾರ ಮತ್ತು ಶನಿವಾರ, ಹನ್ನೊಂದರ ಮೇಲೆ ಬಂದರೆ ರಶ್ ಕಮ್ಮಿ ಇರುತ್ತದೆ ಅಂದೆ.