ಮೂರೇ ಜನರ ಸ್ಟಾರ್ಟಪ್‌ಗೆ ಮೈಕ್ರೋಸರ್ವಿಸ್ ಬೇಕಾ?

ದಾವಣಗೆರೆಯ ಮೆಕ್ಕೆಜೋಳ ವ್ಯಾಪಾರಕ್ಕೆ ಆ್ಯಪ್ ಮಾಡುತ್ತಿದ್ದೇವೆ, ಮೈಕ್ರೋಸರ್ವಿಸ್ (ಆ್ಯಪನ್ನು ಬೇರೆ ಬೇರೆಯಾಗಿ ಓಡುವ ಸಣ್ಣ ಸರ್ವಿಸ್‌ಗಳಾಗಿ ಒಡೆಯುವುದು) ಬೇಕಾ ಅಂತ ಕೇಳಿದ್ದೀರಿ. ಈಗ ಖಂಡಿತ ಬೇಡ. ಒಂದೇ ಕೋಡ್‌ಬೇಸ್, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಕು. ಮೊದಲು ಮೊನೊಲಿತ್ (ಎಲ್ಲವೂ ಒಂದೇ ಪ್ರೋಗ್ರಾಂನಲ್ಲಿರುವ ಆ್ಯಪ್) ಕಟ್ಟಿ ಅಂತ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2015ರಲ್ಲೇ ಬರೆದಿದ್ದಾರೆ.

ಒಬ್ಬ ರೈತರ ಲೋಡ್ ತೂಕ ಆಯ್ತು ಅಂದುಕೊಳ್ಳಿ. ತೂಕದ ಚೀಟಿ, ಖರೀದಿದಾರರ ಬಾಕಿ, ಹಮಾಲಿ ಮೂರೂ ಒಟ್ಟಿಗೆ ದಾಖಲಾಗಬೇಕು, ಅಲ್ವಾ? ಒಂದೇ ಡೇಟಾಬೇಸ್ ಆದರೆ ಒಂದು ಟ್ರಾನ್ಸಾಕ್ಷನ್‌ನಲ್ಲಿ ಮುಗಿಯುತ್ತದೆ: ಮೂರೂ ದಾಖಲಾಗುತ್ತವೆ, ಇಲ್ಲವೇ ಒಂದೂ ಆಗಲ್ಲ. ಮೂರು ಸರ್ವಿಸ್, ಒಂದೊಂದಕ್ಕೂ ಬೇರೆ ಡೇಟಾಬೇಸ್ ಆದರೆ, ಮಧ್ಯೆ ನೆಟ್‌ವರ್ಕ್ ಕೈಕೊಟ್ಟಾಗ ತೂಕ ಇರುತ್ತದೆ, ಬಾಕಿ ಇರಲ್ಲ. ಅದನ್ನು ಸರಿಪಡಿಸುವ ಕೋಡ್ ಬರೆಯುವುದರಲ್ಲೇ ದಿನ ಕಳೆಯುತ್ತದೆ. ಅಷ್ಟು ದಿನ ಎಪಿಎಂಸಿಯಲ್ಲಿ ದಲಾಲರ ಜೊತೆ ಕೂತರೆ ಜಾಸ್ತಿ ಕಲಿಯುತ್ತೀರಿ.

ಒಳಗೆ ಮಾತ್ರ ಮಾಡ್ಯೂಲ್‌ಗಳನ್ನು (ಒಂದೊಂದು ಕೆಲಸದ ಕೋಡ್ ಭಾಗಗಳನ್ನು) ಬೇರೆ ಬೇರೆ ಇಡಿ. ಬಿಲ್ಲಿಂಗ್ ಕೋಡ್ ತೂಕದ ಟೇಬಲ್‌ಗೆ ನೇರ ಕೈ ಹಾಕಬಾರದು. ಎಸ್‌ಎಂಎಸ್ ಕಳಿಸುವುದನ್ನು ಕ್ಯೂಗೆ (ಸರದಿಯಲ್ಲಿಟ್ಟು ಆಮೇಲೆ ಮಾಡುವ ಕೆಲಸಗಳ ಪಟ್ಟಿಗೆ) ಬಿಡಿ.