ಮಂಡಿ ಆಪರೇಷನ್ ಆದವರ ಮಂಡಿ ಕೆಳಗೆ ದಿಂಬು ಇಡಬೇಡಿ ಮಾರಾಯ್ರೆ

ನೀವು ಗುಂಪಿನಲ್ಲಿ ಹಾಕಿದ ನಿಮ್ಮ ಅಪ್ಪನ ಫೋಟೋ ನೋಡಿದೆ. ಮಂಡಿ ಕೀಲು ಬದಲಿಸಿ ಮೂರು ವಾರ ಆಯ್ತು, 90 ಡಿಗ್ರಿ ಮಡಚುತ್ತದೆ, ಆದರೂ ಕುಂಟುತ್ತಾರೆ, ಯಾವ ಎಣ್ಣೆ ಹಚ್ಚಬಹುದು ಅಂತ ಕೇಳಿದ್ದೀರಿ. ಕೆಳಗೆ ಒಬ್ಬೊಬ್ಬರು ಒಂದೊಂದು ಎಣ್ಣೆ ಹೇಳಿದ್ದಾರೆ. ಅಡಿಕೆ ಬೆಳೆಗಾರರ ಈ ಗುಂಪಿನಲ್ಲಿ ಇಷ್ಟೊಂದು ಪಂಡಿತರಿದ್ದಾರೆ ಅಂತ ಗೊತ್ತಿರಲಿಲ್ಲ. ಎಣ್ಣೆ ವಿಷಯ ಆಮೇಲೆ. ಮೊದಲು ಫೋಟೋದಲ್ಲಿ ಮಂಡಿ ಕೆಳಗೆ ಕಾಣುವ ಆ ಎರಡು ದಿಂಬು ತೆಗೆಯಿರಿ.

ನಮ್ಮ ಅಮ್ಮನ ಬಲ ಮಂಡಿಗೂ ಹೀಗೇ ದಿಂಬು ಇಟ್ಟಿದ್ದೆವು. ಅವರಿಗೆ ಹಿತ ಅನಿಸುತ್ತಿತ್ತು. ತೊಂದರೆ ಇರೋದೇ ಆ ಹಿತದಲ್ಲಿ. ಆಪರೇಷನ್ ಆದ ಮಂಡಿಯೊಳಗೆ ನೀರು, ರಕ್ತ ಸೇರಿ ಊದಿರುತ್ತದೆ. ಸ್ವಲ್ಪ ಮಡಚಿಟ್ಟರೆ ಒಳಗೆ ಜಾಗ ಜಾಸ್ತಿ ಸಿಗುತ್ತದೆ, ಬಿಗಿತ ಇಳಿಯುತ್ತದೆ. ಹಾಗೇ ವಾರಗಟ್ಟಲೆ ಬಿಟ್ಟರೆ ಹಿಂಬದಿಯ ಪೊರೆ, ಸ್ನಾಯು ಎಲ್ಲ ಆ ಅಳತೆಗೇ ಗಟ್ಟಿಯಾಗುತ್ತವೆ. ಹಸಿ ಬಳ್ಳಿಯನ್ನು ಬಾಗಿಸಿ ಕಟ್ಟಿ ಒಣಗಿಸಿದ ಮೇಲೆ ನೆಟ್ಟಗೆ ಮಾಡಲು ಹೋದರೆ ಏನಾಗುತ್ತದೆ, ಗೊತ್ತಲ್ಲ. ಅಮ್ಮನ ಆ ಕಾಲು ಇವತ್ತಿಗೂ ಪೂರ್ತಿ ನೆಟ್ಟಗಾಗಲ್ಲ. ಹಾಗಾಗಿ ಆ ಕಾಲು ಗಿಡ್ಡ ಆದ ಹಾಗೆ ನಡೆಯುತ್ತಾರೆ. ತೊಡೆ ಬೇಗ ಸೋಲುತ್ತದೆ, ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತಾರೆ. ಆಮೇಲೆ ಎಡ ಮಂಡಿ ಆಪರೇಷನ್ ಆದಾಗ ದಿಂಬು ಹತ್ತಿರ ಸುಳಿಯಲೂ ಬಿಡಲಿಲ್ಲ. ಆ ಕಾಲು ಚೆನ್ನಾಗಿದೆ.

ನೋಡಲು ಬಂದವರೆಲ್ಲ ಕೇಳೋದು ಒಂದೇ, "ಎಷ್ಟು ಮಡಚುತ್ತೆ?" ನೆಟ್ಟಗಾಗುತ್ತಾ ಅಂತ ಯಾರೂ ಕೇಳಲ್ಲ. ಸಮತಟ್ಟು ನೆಲದಲ್ಲಿ ನಡೆಯಲು 60-70 ಡಿಗ್ರಿ ಮಡಚಿದರೆ ಸಾಕು. ಆದರೆ ಹೆಜ್ಜೆ ಊರುವಾಗ ಕಾಲು ನೆಟ್ಟಗಾಗಲೇಬೇಕು. ಇಲ್ಲದಿದ್ದರೆ ನಿಂತಿರುವಷ್ಟು ಹೊತ್ತೂ ತೊಡೆ ಸ್ನಾಯು ಭಾರ ಹಿಡಿದುಕೊಂಡೇ ಇರಬೇಕು. ನಿಮ್ಮ ಅಪ್ಪ ಕುಂಟೋದಕ್ಕೆ ಇದೇ ಕಾರಣ ಇರಬಹುದು ಅಂತ ನನ್ನ ಅಂದಾಜು. ಫಿಸಿಯೋ (ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್) ಒಮ್ಮೆ ಅಳೆದು ಹೇಳಲಿ.

ಈಗ ಮಾಡಬೇಕಾದ್ದು. ಒಂದು ಬೈರಾಸನ್ನು (ಟವೆಲ್) ಗಟ್ಟಿಯಾಗಿ ಸುತ್ತಿ ಹಿಮ್ಮಡಿ ಕೆಳಗೆ ಇಡಿ. ಮಂಡಿ ಕೆಳಗೆ ಏನೂ ಇರಬಾರದು, ಅದು ಗಾಳಿಯಲ್ಲಿ ನಿಲ್ಲಬೇಕು. ಬೆರಳು ಸೂರಿನ ಕಡೆಗೆ ಇರಲಿ, ಪಾದ ಹೊರಗೆ ವಾಲಬಾರದು. ಮೊದಲು ಐದು ನಿಮಿಷ, ಆಮೇಲೆ ಹತ್ತು, ಹದಿನೈದು. ದಿನಕ್ಕೆ ಮೂರು ನಾಲ್ಕು ಸಲ. ಆ ಹೊತ್ತಿನಲ್ಲೇ ತೊಡೆ ಬಿಗಿ ಮಾಡಿ ಮಂಡಿಯನ್ನು ಹಾಸಿಗೆ ಕಡೆಗೆ ಒತ್ತಬೇಕು, ಐದು ಎಣಿಸಿ ಬಿಡಬೇಕು. ಅಪ್ಪ ಬೈಯುತ್ತಾರೆ, ಬೈಯಲಿ. ಟಿವಿ ನೋಡುವಾಗ ಕುರ್ಚಿಯಲ್ಲಿ ಕೂತು ಹಿಮ್ಮಡಿಯನ್ನು ಎದುರಿನ ಸ್ಟೂಲ್ ಮೇಲೆ ಇಟ್ಟರೂ ಇದೇ ಕೆಲಸ ಆಗುತ್ತದೆ. ಮೆತ್ತನೆ ಹಾಸಿಗೆಯಲ್ಲಿ ಕಾಲು ನೆಟ್ಟಗಿದೆಯೋ ಇಲ್ಲವೋ ಗೊತ್ತಾಗಲ್ಲ. ಗಟ್ಟಿ ಮಂಚದಲ್ಲಿ ಮಲಗಿಸಿ ಮಂಡಿ ಕೆಳಗೆ ಅಂಗೈ ತೂರಿಸಿ ನೋಡಿ, ಒಳ್ಳೆ ಕಾಲಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ. ಊತಕ್ಕೆ ಕಾಲು ಎತ್ತರ ಇಡಲೇಬೇಕಾದರೆ ಮೀನಖಂಡ, ಹಿಮ್ಮಡಿ ಕೆಳಗೆ ದಿಂಬು ಕೊಟ್ಟು ಇಡೀ ಕಾಲನ್ನು ನೆಟ್ಟಗೆ ಎತ್ತಿ.

ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಿದ್ದರೆ ಹಿಮ್ಮಡಿ ಒತ್ತಿ ಹುಣ್ಣಾದರೂ ಅವರಿಗೆ ತಿಳಿಯಲ್ಲ. ದಿನಾ ಹಿಮ್ಮಡಿ ನೋಡಿ, ಬೈರಾಸು ಇಟ್ಟುಕೊಂಡೇ ನಿದ್ದೆ ಮಾಡಲು ಬಿಡಬೇಡಿ. ಮಂಡಿ ಮೇಲೆ ಮರಳು ಚೀಲ ಇಡೋದು, ಮಗ ಕೂತು ಒತ್ತೋದು ಎಲ್ಲ ನೀವಾಗಿ ಮಾಡಬೇಡಿ. ಆಪರೇಷನ್ ಮಾಡಿದವರು ಬೇರೆ ಕಾರಣಕ್ಕೆ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಕೊನೆ. ಸೊಂಟದ ಕೀಲು ಬದಲಿಸಿದವರು ಇದನ್ನು ಓದಿ ಹಾಗೇ ಮಾಡಲು ಹೋಗಬೇಡಿ. ಅಲ್ಲಿ ತುಂಬ ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು ಅಂತ ಲೆಕ್ಕವೇ ಬೇರೆ.

ಮೂರು ವಾರ ಅಂದರೆ ತಡ ಆಗಿಲ್ಲ. ಆದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ, ಈಗಲೇ ತೋರಿಸಿ. ಮಡಚಲಾಗದೆ ಗಟ್ಟಿಯಾದ ಮಂಡಿಯನ್ನು ಅರಿವಳಿಕೆ ಕೊಟ್ಟು ಬಿಡಿಸುತ್ತಾರೆ, ಅದೂ ಮೊದಲ ಮೂರು ತಿಂಗಳೊಳಗೆ ಮಾಡಿದರೇ ಒಳ್ಳೆಯದು.

ನೋವಿನ ಗುಳಿಗೆ ಉಷ್ಣ ಅಂತ ಅಪ್ಪ ಬಿಟ್ಟಿರಬಹುದು, ವಿಚಾರಿಸಿ. ಫಿಸಿಯೋ ಒಂಬತ್ತಕ್ಕೆ ಬಂದರೆ ಗುಳಿಗೆ ಎಂಟೂವರೆಗೆ ಹೊಟ್ಟೆಯೊಳಗೆ ಇರಬೇಕು. ನೋವಿನಲ್ಲಿ ಹಲ್ಲು ಕಚ್ಚಿಕೊಂಡವರು ವ್ಯಾಯಾಮ ಮಾಡಲ್ಲ, ಮಾಡಿದ ಹಾಗೆ ತೋರಿಸುತ್ತಾರೆ. ಹಾಗಂತ ಬರೆದುಕೊಟ್ಟದ್ದು ಸಾಲದು ಅಂತ ಮೆಡಿಕಲ್‌ನಿಂದ ಇನ್ನೊಂದು ತಂದು ಸೇರಿಸಬೇಡಿ. ರಕ್ತ ತೆಳು ಮಾಡುವ ಗುಳಿಗೆ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಕಿಡ್ನಿಗೂ ಪೆಟ್ಟು.

ಈಗ ಎಣ್ಣೆ. ಗಾಯದ ಮೇಲೆ ಎಣ್ಣೆ ಬೇಡ, ಅರಿಶಿನ ಬೇಡ, ಯಾವ ಸೊಪ್ಪಿನ ರಸವೂ ಬೇಡ. ಮೀನಖಂಡ ತಿಕ್ಕಲೇ ಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಪಾದವನ್ನು ಗಂಟೆಗೊಮ್ಮೆ ಮೇಲೆ ಕೆಳಗೆ ಆಡಿಸಲಿ, ಅದೇ ಒಳ್ಳೆ ಮಾಲೀಶು. ಮೀನಖಂಡ ಒಮ್ಮೆಲೇ ಊದಿ ಬಿಗಿಯಾಗಿ ನೋಯುತ್ತಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ಆಸ್ಪತ್ರೆಗೆ ಹೋಗಿ, ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ. ಗಾಯ ಜಿನುಗಿದರೆ ಆಂಟಿಬಯಾಟಿಕ್ ನೀವೇ ಶುರು ಮಾಡಬೇಡಿ, ಆಪರೇಷನ್ ಮಾಡಿದವರಿಗೇ ತೋರಿಸಿ. ಬಿಸಿನೀರಿನ ಶಾಖ ಕೊಡುತ್ತಿದ್ದೀರಂತೆ, ನಿಲ್ಲಿಸಿ. ಐಸ್ ಇಡಿ, ತೆಳು ಬಟ್ಟೆ ಸುತ್ತಿ 15-20 ನಿಮಿಷ. ಮಂಡಿ ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ, ಹೊಲಿಗೆಯ ಹೊರಬದಿಯಲ್ಲಿ ಜೋಮು ಇರುತ್ತದೆ, ಕಟಕಟ ಶಬ್ದ ಬರುತ್ತದೆ. ಇವಕ್ಕೆ ಹೆದರಬೇಕಿಲ್ಲ. ಆದರೆ ಕೆಂಪಾಗಿ ಜ್ವರ ಬಂದರೆ ಸುಮ್ನೆ ಕೂರಬೇಡಿ.

ವಾಕರ್ ಯಾವುದು ಅಂತ ಇನ್ನೊಬ್ಬರು ಕೇಳಿದ್ದರು. ಟೈನಾರ್ ಆಗಲಿ, ವಿಸ್ಕೋ ಆಗಲಿ ನಡೆಯುತ್ತದೆ, ಹೆಸರಿಗಿಂತ ಎತ್ತರ ಮುಖ್ಯ. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಅಡಿಯ ರಬ್ಬರ್ ಬುಷ್ ಸವೆದರೆ ತಕ್ಷಣ ಬದಲಿಸಿ. ಬಾಡಿಗೆಗೆ ಸಿಗುವ ಕಾಲು ಮಡಚಿಸುವ ಮೆಷಿನ್‌ಗೆ ದುಡ್ಡು ಹಾಕಬೇಡಿ, ಆ ದುಡ್ಡಿಗೆ ಫಿಸಿಯೋ ನಾಲ್ಕು ಸಲ ಜಾಸ್ತಿ ಬರುತ್ತಾರೆ. ವಾಕರ್ ಬಿಟ್ಟ ಮೇಲೆ ಕೋಲು ಒಳ್ಳೆ ಕಾಲಿನ ಕಡೆಯ ಕೈಯಲ್ಲಿ ಇರಬೇಕು. ಊರಿಗೆ ಊರೇ ತಪ್ಪು ಕೈಯಲ್ಲಿ ಹಿಡಿಯುತ್ತದೆ! ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದೆ.

ಇನ್ನು ಮಾಡಿಸಬೇಕು ಅಂತ ಇರುವವರಿಗೆ. ನಮ್ಮ ಕಡೆ ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿ, ಮಾರ್ಚ್‌ನಲ್ಲಿ ಮಾಡಿಸಿ. ಪಾಚಿ ಹಿಡಿದ ಅಂಗಳಕ್ಕೆ ಜೂನ್‌ನಲ್ಲಿ ವಾಕರ್ ಹಿಡಿದು ಇಳಿಯುವ ಪಾಡು ಬೇಡ. ಹೋಗುವ ಮೊದಲೇ ತೊಡೆ ಬಿಗಿ ಮಾಡುವ ವ್ಯಾಯಾಮ ಶುರು ಮಾಡಿ, ಮನೆಯಲ್ಲಿ ಕಮೋಡ್ ಹಾಕಿಸಿ, ಬಚ್ಚಲಿಗೆ ಹಿಡಿ ಕೂರಿಸಿ. ಹುಳುಕು ಹಲ್ಲು, ಮೂತ್ರದ ಉರಿ, ಒಡೆದ ಹಿಮ್ಮಡಿ, ಬೆರಳ ಸಂದಿಯ ಕೆಸರುಹುಣ್ಣು ಎಲ್ಲ ಮೊದಲೇ ವಾಸಿಯಾಗಬೇಕು. ಅಲ್ಲಿಂದ ಸೋಂಕು ರಕ್ತದಲ್ಲಿ ಹರಿದು ಹೊಸ ಕೀಲಿಗೆ ಕೂರಬಹುದು. ಬೀಡಿ, ಹೊಗೆಸೊಪ್ಪು ತಿಂಗಳು ಮೊದಲೇ ಬಿಡಿ, ಗಾಯ ಮಾಗಲ್ಲ. ಹಿಂದಿನ ದಿನ ಮನೆಯಲ್ಲಿ ರೇಜರ್ ಹಿಡಿದು ಕಾಲು ಬೋಳಿಸಬೇಡಿ, ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಸೇರುತ್ತದೆ. ಕೂದಲು ತೆಗೆಯಬೇಕಿದ್ದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರ್‌ನಲ್ಲಿ ಕತ್ತರಿಸುತ್ತಾರೆ. ಎರಡೂ ಮಂಡಿ ಒಟ್ಟಿಗೆ ಮಾಡಿಸಿದರೆ ಖರ್ಚು ಉಳಿಯುತ್ತದೆ ನಿಜ, ಆದರೆ ವಯಸ್ಸಾದವರ ಹೃದಯಕ್ಕೆ ಭಾರ. ನಾನಂತೂ ಒಂದೊಂದೇ ಅನ್ನುವವನು.

"ಗೋಲ್ಡ್ ಮಂಡಿ" ಅಂತ ಯಾರೋ ಹೊಗಳಿದ್ದಾರೆ. ಅದು ಚಿನ್ನ ಅಲ್ಲ, ಚಿನ್ನದ ಬಣ್ಣದ ಟೈಟಾನಿಯಂ ನೈಟ್ರೈಡ್ ಜಾತಿಯ ಲೇಪ. ಲೋಹದ ಅಲರ್ಜಿ ಇದ್ದವರಿಗೆ ಸರಿ. ಮಾಮೂಲಿ ಮಂಡಿಯಲ್ಲೇ ಹತ್ತಕ್ಕೆ ಎಂಟು 25 ವರ್ಷ ಬಾಳುತ್ತವೆ, ಮತ್ತೆ ಯಾಕೆ? 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗೆ (ಒಳಗೆ ಕೂರಿಸುವ ಕೃತಕ ಕೀಲು) ಗರಿಷ್ಠ ಬೆಲೆ ಕಟ್ಟಿತು. ಜಾಸ್ತಿ ಬಳಕೆಯ ಕೋಬಾಲ್ಟ್ ಕ್ರೋಮಿಯಂ ಲೋಹದ್ದಕ್ಕೆ ಆಗ 54,720 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೇ ಬಿಲ್‌ನಲ್ಲಿ ಇಂಪ್ಲಾಂಟ್ ಬೆಲೆ ಬೇರೆ ಸಾಲಿನಲ್ಲಿ ಕೇಳಿ. ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಫೈಲ್‌ನಲ್ಲಿ ಇರಲಿ, ಮುಂದೆ ರಿಪೇರಿ ಬಂದರೆ ಬೇಕಾಗುತ್ತದೆ. ಬಿಪಿಎಲ್ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು (ಸರ್ಕಾರದ ಆರೋಗ್ಯ ಯೋಜನೆಗೆ ಸಹಾಯ ಮಾಡುವವರು) ಮೊದಲೇ ವಿಚಾರಿಸಿ. ಆಪರೇಷನ್ ಆದ ಮೇಲೆ ಓಡಾಡಿದರೆ ಯಾರೂ ದುಡ್ಡು ಕೊಡಲ್ಲ.

ತೋಟಕ್ಕೆ ಯಾವಾಗ ಹೋಗಬಹುದು ಅಂದರೆ, ಮೊದಲ ಮಳೆಗಾಲ ಬೇಡ. ಇಂಬಳ (ಜಿಗಣೆ) ಕಚ್ಚಿದ ಜಾಗ ಕೆರೆದು ಹುಣ್ಣು ಮಾಡಿಕೊಂಡರೆ ಅದೂ ಸೋಂಕಿಗೆ ದಾರಿ. ಹೋದಾಗ ಗಂಬೂಟು ಹಾಕಲಿ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹಿಡಿದು ನೆಲದಲ್ಲಿ ಕೂರೋದು ಇನ್ನು ಮುಗಿಯಿತು ಅಂತ ಅಪ್ಪನಿಗೆ ಈಗಲೇ ಹೇಳಿ. ನಾವು ಅಮ್ಮನಿಗೆ ಮೆಟ್ಟುಗತ್ತಿಯನ್ನೇ ಎತ್ತರದ ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿದ್ದೇವೆ, ಕುರ್ಚಿಯಲ್ಲಿ ಕೂತು ಅಡಿಕೆ ಸುಲಿಯುತ್ತಾರೆ. ಅಳತೆ ಬೇಕಾದವರು ಹೇಳಿ, ನಾಳೆ ಫೋಟೋ ಹಾಕುತ್ತೇನೆ.